ಗಿಟ್‌ಲೀಕ್ಸ್ ಜೊತೆ ಎಂಟು ತಿಂಗಳು: ಬೈದದ್ದು ಅಳಿಯನಿಗೆ, ಸಿಕ್ಕಿಬಿದ್ದದ್ದು ನಾನು

ಬಳ್ಳಾರಿಯ ಕೌಲ್ ಬಜಾರ್‌ನಲ್ಲಿ ಮಹಡಿ ಮೇಲಿನ ಒಂದು ಕೋಣೆ ನನ್ನ ಆಫೀಸು. ಕೆಳಗೆ ಜೀನ್ಸ್ ಹೊಲಿಯುವ ಮಿಷನ್‌ಗಳ ಸದ್ದು, ಮೇಲೆ ನಾನು ಮತ್ತು ಅಕ್ಕನ ಮಗ. ಯೂನಿಟ್‌ಗಳಿಗೆ ಪೀಸ್ ಲೆಕ್ಕ, ಶನಿವಾರದ ಬಟವಾಡೆ, ವಾಷಿಂಗ್‌ಗೆ ಹೋದ ಪ್ಯಾಂಟ್ ಎಷ್ಟು, ವಾಪಸ್ ಬಂದದ್ದೆಷ್ಟು, ಇಂಥವಕ್ಕೆ ಸಣ್ಣ ಸಣ್ಣ ಸ್ಕ್ರಿಪ್ಟ್ ಬರೆದುಕೊಡುತ್ತೇವೆ. ದೊಡ್ಡ ಕಂಪನಿ ಏನಲ್ಲ. ಹಾಗಾಗಿ 'ನಮ್ಮ ಕೋಡ್ ಯಾರು ಕದೀತಾರೆ ಬಿಡು' ಅಂತ ಆರಾಮಾಗಿದ್ದೆವು.

ಕಳೆದ ದೀಪಾವಳಿ ಸೀಸನ್‌ನಲ್ಲಿ ಒಂದು ಬೆಳಗ್ಗೆ ಯೂನಿಟ್ ಸಾವ್ಕಾರರ ಫೋನ್ ಬಂತು. "ಏನ್ರೀ ಇದು, ನಿಮ್ ಬಾಟು ಡಾಲರ್ ಗೀಲರ್ ಅಂತೈತಿ? ನಂಗೆ ಕಟಿಂಗ್ ಲೆಕ್ಕ ಬೇಕ್ರೀ!" ದಿನಾ ರಾತ್ರಿ ಟೆಲಿಗ್ರಾಂ ಗ್ರೂಪಿಗೆ ಲೆಕ್ಕ ಕಳಿಸುವ ನಮ್ಮ ಬಾಟ್, ಬೆಳಗಿನ ಜಾವದಿಂದ ಕ್ರಿಪ್ಟೊ ಜಾಹೀರಾತು ಹಾಕುತ್ತಿತ್ತು. ಸ್ಕ್ರಿಪ್ಟ್‌ನೊಳಗೆ ಬಾಟ್‌ನ ಟೋಕನ್, ಅಂದರೆ ಅದನ್ನು ನಡೆಸುವ ಗುಟ್ಟಿನ ಕೀ ಇತ್ತು, ಗ್ರೂಪ್‌ನ ನಂಬರೂ ಇತ್ತು. ಆ ಸ್ಕ್ರಿಪ್ಟ್ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಬಿದ್ದಿತ್ತು. ಟೆಲಿಗ್ರಾಂನಲ್ಲಿ ಬಾಟ್‌ಗಳ ಟೋಕನ್ ನೋಡಿಕೊಳ್ಳುವ ಬಾಟ್‌ಫಾದರ್‌ಗೆ ರಿವೋಕ್ ಅಂತ ಕಳಿಸಿದೆ, ಹಳೆ ಟೋಕನ್ ಸತ್ತಿತು. ಆಮೇಲೆ ಅಳಿಯನಿಗೆ ಚೆನ್ನಾಗಿ ಬೈದೆ. ಕೆಲಸ ತೋರಿಸಿಕೊಳ್ಳೋಣ ಅಂತ ರೆಪೊ, ಅಂದರೆ ಕೋಡ್ ಇರುವ ಫೋಲ್ಡರ್, ಪಬ್ಲಿಕ್ ಮಾಡಿದ್ದು ಅವನೇ. ಅವನು ಬಾಯಿ ಬಿಡದೆ ಒಗ್ಗರಣೆ ಮಿರ್ಚಿ ತಿನ್ನುತ್ತಾ ಕೂತಿದ್ದ.

ಅವತ್ತು ಸಂಜೆ ಹಾಕಿಕೊಂಡದ್ದು ಗಿಟ್‌ಲೀಕ್ಸ್, ಕೋಡ್‌ನಲ್ಲಿ ಉಳಿದ ಗುಟ್ಟು ಹುಡುಕಿಕೊಡುವ ತಂತ್ರಾಂಶ.

ಇದು ಕೋಡ್ ಓಡಿಸುವುದಿಲ್ಲ, ಬರೀ ಓದುತ್ತದೆ. ಸ್ಟ್ಯಾಟಿಕ್ ಅನಾಲಿಸಿಸ್ ಅಂದರೆ ಅಷ್ಟೇ. ನಮ್ಮ ಕೆಳಗಿನ ಯೂನಿಟ್‌ನ ಚೆಕಿಂಗ್ ಟೇಬಲ್ ನೋಡಿದವರಿಗೆ ಹೇಳಬೇಕಾಗಿಲ್ಲ. ಅಲ್ಲಿ ಪ್ಯಾಂಟನ್ನು ಯಾರೂ ಹಾಕಿಕೊಂಡು ನೋಡುವುದಿಲ್ಲ. ತಿರುವಿ ಹಾಕಿ, ಹೊಲಿಗೆ ಮೇಲೆ ಬೆರಳಾಡಿಸಿ, ಬಿಟ್ಟ ದಾರ ಕಂಡರೆ ಪಕ್ಕಕ್ಕೆ ಎಸೆಯುತ್ತಾರೆ. ಗಿಟ್‌ಲೀಕ್ಸ್ ಹುಡುಕುವ ಬಿಟ್ಟ ದಾರ ಎಂದರೆ ಪಾಸ್‌ವರ್ಡ್, ಟೋಕನ್, ಬೇರೆಯವರ ಸೇವೆ ಬಳಸಲು ಕೊಟ್ಟ ಎಪಿಐ ಕೀ.

ದುಡ್ಡು ಕೊಡಬೇಕಿಲ್ಲ. ಗೋ ಭಾಷೆಯಲ್ಲಿ ಬರೆದದ್ದು, ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸ್. ವಿಂಡೋಸ್‌ಗೆ ಜಿಪ್ ಇಳಿಸಿ ಬಿಚ್ಚಿದರೆ ಒಂದೇ ಫೈಲು, ಇನ್‌ಸ್ಟಾಲ್ ಗಿನ್‌ಸ್ಟಾಲ್ ಇಲ್ಲ. ಒಂದು ತಮಾಷೆ ಏನೆಂದರೆ, ಗಿಟ್‌ಹಬ್‌ನಲ್ಲೇ ತಾನಾಗಿ ಓಡುವ ಆಕ್ಷನ್ ಆಗಿ ಸಂಸ್ಥೆಯ ಖಾತೆಯಲ್ಲಿ ಬಳಸಲು ಹೋದರೆ ಲೈಸೆನ್ಸ್ ಕೀ ಕೇಳುತ್ತದೆ. ಆ ಕೀಯನ್ನೂ ಮತ್ತೆ ಬಚ್ಚಿಡಬೇಕು! ಒಬ್ಬರ ಸ್ವಂತ ಖಾತೆಗೆ ಅದು ಬೇಡ.

ಎರಡು ಆಜ್ಞೆ ಗೊತ್ತಿದ್ದರೆ ಸಾಕು. 'ಡಿರ್' ಅಂದರೆ ಫೋಲ್ಡರ್‌ನಲ್ಲಿ ಈಗ ಇರುವುದನ್ನು ನೋಡುತ್ತದೆ. 'ಗಿಟ್' ಅಂದರೆ ಕೋಡ್ ಬದಲಾದ ಇತಿಹಾಸವನ್ನೆಲ್ಲ, ಒಂದೊಂದೇ ಕಮಿಟ್ (ಉಳಿಸಿಟ್ಟ ಬದಲಾವಣೆ) ತೆಗೆದು ನೋಡುತ್ತದೆ. ಹಳೇ ಲೇಖನಗಳಲ್ಲಿ 'ಡಿಟೆಕ್ಟ್', 'ಪ್ರೊಟೆಕ್ಟ್' ಅಂತ ಸಿಗುತ್ತದೆ. 8.19ರ ಆವೃತ್ತಿಯಿಂದ ಅವನ್ನು ಪಕ್ಕಕ್ಕೆ ಸರಿಸಿದ್ದಾರೆ, ತಲೆ ಕೆಡಿಸಿಕೊಳ್ಳಬೇಡಿ.

ನಾನು ಮೊದಲು 'ಡಿರ್' ಓಡಿಸಿದೆ. ಏನೂ ಇಲ್ಲ. ಟೋಕನ್ ಸಾಲನ್ನು ಆಗಲೇ ಅಳಿಸಿದ್ದೆನಲ್ಲ. ಆಮೇಲೆ 'ಗಿಟ್' ಓಡಿಸಿದೆ. ಇನ್ನೂರು ಚಿಲ್ಲರೆ ಕಮಿಟ್, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಒಂಬತ್ತು ಸಿಕ್ಕವು. 'ವರ್ಬೋಸ್' ಅಂತ ಸೇರಿಸಿದರೆ ಪ್ರತಿಯೊಂದಕ್ಕೂ ಯಾವ ನಿಯಮ, ಯಾವ ಫೈಲು, ಎಷ್ಟನೇ ಸಾಲು, ಯಾವ ತಾರೀಖು, ಬರೆದವರು ಯಾರು ಅಂತ ತೋರಿಸುತ್ತದೆ. ಬಾಟ್ ಟೋಕನ್‌ನ ಕಮಿಟ್ ಮೂರು ವರ್ಷ ಹಳೆಯದು. ಬರೆದವರ ಜಾಗದಲ್ಲಿ ನನ್ನ ಹೆಸರು, ನನ್ನ ಈಮೇಲ್. ಅಳಿಯ ಮಾಡಿದ್ದು ಬಾಗಿಲು ತೆರೆದದ್ದಷ್ಟೇ, ಬೀಗದ ಕೈಯನ್ನು ಹೊಸ್ತಿಲಲ್ಲೇ ಇಟ್ಟು ಹೋಗಿದ್ದು ನಾನು. "ಮಾಮಾ, ನಿಮ್ದೇ ಹೆಸರು ಬಂದೈತಿ ನೋಡ್ರಿ" ಅಂದ ಹುಡುಗ. ಅವನಿಗೆ ಅವತ್ತು ಎರಡನೇ ಪ್ಲೇಟ್ ಮಿರ್ಚಿ ನಾನೇ ಕೊಡಿಸಿದೆ.

ಹೀಗೆ ಒಳಗೊಳಗೇ ಹಳತಾಗುವ ಗುಟ್ಟುಗಳೇ ಜಾಸ್ತಿ ಅಪಾಯ. ಟೊಯೊಟಾ ಕಾರುಗಳನ್ನು ಇಂಟರ್ನೆಟ್‌ಗೆ ಜೋಡಿಸುವ ಟಿ-ಕನೆಕ್ಟ್ ಸೇವೆಯ ಕಥೆಯೂ ಇದೇ ಜಾತಿಯದು. ವೆಬ್‌ಸೈಟ್ ಕೆಲಸ ಹಿಡಿದಿದ್ದ ಗುತ್ತಿಗೆ ಕಂಪನಿ ಕೋಡ್‌ನ ಒಂದು ಭಾಗವನ್ನು ಗಿಟ್‌ಹಬ್‌ಗೆ ಪಬ್ಲಿಕ್ ಆಗಿ ಹಾಕಿತ್ತು, ಅದರಲ್ಲಿ ಸರ್ವರ್‌ನ ಕೀ ಇತ್ತು. 2017ರ ಡಿಸೆಂಬರ್‌ನಿಂದ 2022ರ ಸೆಪ್ಟೆಂಬರ್‌ವರೆಗೆ ಅದು ಕಂಪನಿಯ ಗಮನಕ್ಕೆ ಬರಲಿಲ್ಲ. 2,96,019 ಗ್ರಾಹಕರ ಈಮೇಲ್ ವಿಳಾಸ ಹೊರಹೋಗಿರಬಹುದು ಅಂತ ಆಮೇಲೆ ಕ್ಷಮೆ ಕೇಳಿದರು. ನಾನೂ ಗುತ್ತಿಗೆ ಕೆಲಸದವನೇ, ಓದಿ ಎದೆ ಝಲ್ಲೆಂದಿತು.

ಇದು ಹೇಗೆ ಹಿಡಿಯುತ್ತದೆ ಅಂತ ತಿಳಿದುಕೊಂಡರೆ ಎಲ್ಲಿ ಬಿಡುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಕೆಲವು ಕೀಗಳಿಗೆ ಮುಖಲಕ್ಷಣ ಇದೆ. ಅಮೆಜಾನ್ ಕ್ಲೌಡ್‌ನ ಖಾಯಂ ಕೀ ಎ-ಕೆ-ಐ-ಎ ಅಂತ ಶುರುವಾಗಿ ಒಟ್ಟು 20 ಅಕ್ಷರ. ಟೆಲಿಗ್ರಾಂ ಟೋಕನ್‌ನಲ್ಲಿ ಮೊದಲು ಅಂಕಿಗಳು, ಒಂದು ಕೋಲನ್, ಆಮೇಲೆ 35 ಅಕ್ಷರ. ಇಂಥವಕ್ಕೆ ಒಂದೊಂದು ನಿಯಮ ಬರೆದಿಟ್ಟಿದ್ದಾರೆ, ಸುಲಭಕ್ಕೆ ತಪ್ಪಿಸಿಕೊಳ್ಳುವುದಿಲ್ಲ. ಮುಖಲಕ್ಷಣ ಇಲ್ಲದವಕ್ಕೆ ಒಂದು ಸಾಮಾನ್ಯ ನಿಯಮ ಇದೆ. ಅದು ಎರಡು ನೋಡುತ್ತದೆ. ಹತ್ತಿರದಲ್ಲಿ ಪಾಸ್‌ವರ್ಡ್, ಟೋಕನ್, ಸೀಕ್ರೆಟ್, ಕೀ ಅನ್ನುವಂಥ ಇಂಗ್ಲಿಷ್ ಪದ ಇದೆಯಾ? ಮುಂದಿನ ಅಕ್ಷರಗಳು ಅಡ್ಡಾದಿಡ್ಡಿಯಾಗಿವೆಯಾ? ಈ ಅಡ್ಡಾದಿಡ್ಡಿತನವನ್ನು ಎಂಟ್ರೊಪಿ ಅನ್ನುತ್ತಾರೆ, 1948ರಲ್ಲಿ ಕ್ಲಾಡ್ ಶ್ಯಾನನ್ ಕೊಟ್ಟ ಲೆಕ್ಕ. ಇಲ್ಲಿ ಗೆರೆ 3.5ಕ್ಕೆ ಎಳೆದಿದ್ದಾರೆ.

ಈಗ ನಮ್ಮೂರ ಪಾಸ್‌ವರ್ಡ್ ತಗೊಳ್ಳಿ. ಊರ ಹೆಸರು, ಒಂದು ಅಟ್ ಚಿಹ್ನೆ, ಕೊನೆಗೆ 123. ಇಂಗ್ಲಿಷ್ ಅಕ್ಷರದಲ್ಲಿ 'ಬಳ್ಳಾರಿ'ಯನ್ನು ಹಾಗೆ ಬರೆದು ಕೂತು ಲೆಕ್ಕ ಹಾಕಿದೆ, 3.1ರ ಹತ್ತಿರ ಬಂತು. ಪಾಸು! ಗಿಟ್‌ಲೀಕ್ಸ್ ಕಣ್ಣಿಗೆ ಅದು ಗುಟ್ಟೇ ಅಲ್ಲ. ಇನ್ನೊಂದು, ನನಗೆ ವೇರಿಯಬಲ್‌ಗೆ ಕನ್ನಡ ಹೆಸರಿಡುವ ಚಟ. ಬೀಗ, ಗುಟ್ಟು, ಚಾವಿ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತೇನೆ. ನಾನು ಬಳಸುವ ಎಸ್‌ಎಂಎಸ್ ಸೇವೆಯ ಕೀಗೆ ಮುಖಲಕ್ಷಣ ಇಲ್ಲ. ಅದನ್ನು 'ಬೀಗ' ಅನ್ನುವ ಹೆಸರಲ್ಲಿ ಇಟ್ಟಿದ್ದೆ, ಎದುರಿಗೇ ಇದ್ದರೂ ಕಾಣಲಿಲ್ಲ.

ಅತ್ತ ಕಡೆ, ಗುಟ್ಟಲ್ಲದ್ದನ್ನು ಹಿಡಿದು ಗಲಾಟೆ ಮಾಡುವುದೂ ಉಂಟು. ಒಂಬತ್ತರಲ್ಲಿ ಮೂರು ಐಆರ್‌ಎನ್‌ಗಳು, ಅಂದರೆ ಇ-ಇನ್‌ವಾಯ್ಸ್‌ನ ಗುರುತಿನ ಸಂಖ್ಯೆಗಳು. ಲೆಕ್ಕ ಹಾಕಿ ಹುಟ್ಟಿಸಿದ 64 ಅಕ್ಷರದ ಹ್ಯಾಶ್, ನಾನು ಕಾಲಂಗೆ ಐಆರ್‌ಎನ್ ಕೀ ಅಂತ ಹೆಸರಿಟ್ಟಿದ್ದೆ, ಅದಕ್ಕೇ ಅನುಮಾನ. ಸಾಲಿನ ಕೊನೆಗೆ 'ಗಿಟ್‌ಲೀಕ್ಸ್ ಅಲೌ' ಅಂತ ಕಾಮೆಂಟ್ ಹಾಕಿದರೆ ಬಿಡುತ್ತದೆ. ಅಳಿಯ ಇದನ್ನು ಕಲಿತ ಮೇಲೆ ಸಿಕ್ಕ ಸಿಕ್ಕಲ್ಲೆಲ್ಲ ಹಾಕಲು ಶುರು ಮಾಡಿದ, ಅದು ಬೇರೆ ಜಗಳ.

ಹುಕ್, ಅಂದರೆ ತಾನಾಗಿ ಓಡುವ ಸಣ್ಣ ಸ್ಕ್ರಿಪ್ಟ್ ಬಗ್ಗೆ ಒಂದು ಮಾತು. ಪ್ರೀ-ಕಮಿಟ್ ಹುಕ್ ಆಗಿ ಹಾಕಿದರೆ ಕಮಿಟ್ ಆಗುವ ಮೊದಲೇ ತಡೆಯುತ್ತದೆ, ಇದನ್ನು ಕೊಳ್ಳಬೇಕಾಗಿದ್ದರೂ ನಾನು ಈ ಒಂದಕ್ಕೇ ದುಡ್ಡು ಕೊಡುತ್ತಿದ್ದೆ. ಆದರೆ ಇನ್ನೊಬ್ಬರು ರೆಪೊದ ನಕಲು (ಕ್ಲೋನ್) ಇಳಿಸಿಕೊಂಡರೆ ಹುಕ್ ಅದರ ಜೊತೆ ಹೋಗುವುದಿಲ್ಲ. ಎರಡು ತಿಂಗಳು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಕಾವಲಿತ್ತು, ಅಳಿಯನದರಲ್ಲಿ ಇರಲೇ ಇಲ್ಲ! 'ನೋ ವೆರಿಫೈ' ಅಂತ ಸೇರಿಸಿದರೆ ಯಾರು ಬೇಕಾದರೂ ದಾಟಿ ಹೋಗಬಹುದು ಅನ್ನುವುದೂ ನೆನಪಿರಲಿ.

ಮತ್ತೆ, 'ರಿಡ್ಯಾಕ್ಟ್' ಹಾಕದೆ ಓಡಿಸಬೇಡಿ. ಇಲ್ಲದಿದ್ದರೆ 'ವರ್ಬೋಸ್' ಹಾಕಿದಾಗ ಸಿಕ್ಕ ಗುಟ್ಟನ್ನು ಪರದೆ ಮೇಲೆ ಪೂರ್ತಿ ಬರೆದು ತೋರಿಸುತ್ತದೆ. ನಾನು ಅದರ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದ್ದೆ. ಸರಿ, ಇನ್ನೊಂದು ಪಾಸ್‌ವರ್ಡ್ ಬದಲಾಯಿಸಿದ್ದಾಯಿತು.

ಇದೇ ಕೆಲಸ ಮಾಡುವ ಟ್ರಫಲ್‌ಹಾಗ್ ಕೂಡ ನೋಡಿದೆ. ಸಿಕ್ಕ ಕೀ ಇನ್ನೂ ಜೀವಂತ ಇದೆಯಾ ಅಂತ ಆಯಾ ಸೇವೆಗೇ ಕೇಳಿ ಹೇಳುತ್ತದೆ, ಅದು ಒಳ್ಳೆಯ ಗುಣ. ನನ್ನ ದಿನದ ಕೆಲಸಕ್ಕೆ ಗಿಟ್‌ಲೀಕ್ಸ್ ಹಗುರ, ಹಾಗಾಗಿ ಉಳಿಸಿಕೊಂಡೆ.

ಕಳೆದ ವಾರ ಕೂತು ಗಿಟ್‌ಲೀಕ್ಸ್‌ನ ನಿಯಮಗಳನ್ನು ಬರೆದಿಡುವ ಟಾಮಲ್ ಫೈಲ್‌ನಲ್ಲಿ ನನ್ನದೇ ನಿಯಮ ಬರೆದೆ. ಬೀಗ, ಗುಟ್ಟು, ಚಾವಿ ಇವುಗಳ ಮುಂದೆ ಏನೇ ಇದ್ದರೂ ಹಿಡಿ ಅಂತ. 'ಯೂಸ್ ಡಿಫಾಲ್ಟ್' ಸಾಲು ಮರೆತರೆ ಅದರ ಮೂಲ ನಿಯಮಗಳೆಲ್ಲ ಹೋಗಿಬಿಡುತ್ತವೆ, ನಾನು ಮೊದಲ ಸಲ ಮರೆತೆ. ಎರಡನೇ ಸಲ ನಾಲ್ಕು ಸಿಕ್ಕವು. ಎರಡು ಯಾವಾಗಲೋ ಸತ್ತವು. ಎಸ್‌ಎಂಎಸ್ ಕೀ ಅವತ್ತೇ ಬದಲಾಯಿಸಿದೆ. ನಾಲ್ಕನೆಯದು ವಾಷಿಂಗ್ ಯೂನಿಟ್ ಒಂದರ ರೂಟರ್ ಪಾಸ್‌ವರ್ಡ್. ಅವರ ಸಾವ್ಕಾರರು ಮಂತ್ರಾಲಯಕ್ಕೆ ಹೋಗಿದ್ದಾರೆ, ಸೋಮವಾರ ಬರುತ್ತಾರಂತೆ. ಅಲ್ಲಿತನಕ ಆ ರೆಪೊ ಪ್ರೈವೇಟ್ ಮಾಡಿಟ್ಟಿದ್ದೇನೆ.