ಹಿಮದ ಹೆದ್ದಾರಿಗೆ ಉಕ್ಕಿನ ಸರಪಳಿಯೋ, ಬಟ್ಟೆಯ ಕವಚವೋ?

ಅಮೆರಿಕದ ಕೊಲರಾಡೊದಲ್ಲಿ ಐ-70 ಹೆದ್ದಾರಿಯ ಮೇಲೆ ಸರಕಿನ ಟ್ರಕ್ಕು ಓಡಿಸುವವರು ಚಳಿಗಾಲಕ್ಕೆ ಏನು ಕೊಳ್ಳಬೇಕೆಂದು ಕೇಳಿದರೆ, ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತುವ ಉಕ್ಕಿನ ಸರಪಳಿಯನ್ನೇ ಕೊಳ್ಳಿ ಎನ್ನುತ್ತೇನೆ. ಟೈರಿಗೆ ತೊಡಿಸುವ ಬಟ್ಟೆಯ ಕವಚವನ್ನೂ ದುಡ್ಡು ಕೊಟ್ಟು ತಂದು, ಒಂದು ಚಳಿಗಾಲವಿಡೀ ಬಳಸಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಡೆನ್ವರ್ ಬಳಿಯ ಮಾರಿಸನ್ ದಾಟಿ ಪಶ್ಚಿಮದ ಬೆಟ್ಟಗಳತ್ತ ಹೋಗುವ ಭಾರೀ ವಾಣಿಜ್ಯ ವಾಹನಗಳು, ಬಿಸಿಲು ಕಾಯುತ್ತಿದ್ದರೂ ಸರಿಯೇ, ಸರಪಳಿಯನ್ನು ಜೊತೆಗೆ ಒಯ್ಯಲೇಬೇಕು. ಹಾಕಬೇಕೆಂಬ ಆದೇಶ ಜಾರಿಯಾದ ಮೇಲೂ ಹಾಕದೆ ಹೋದರೆ 500 ಡಾಲರ್, ಹಾಗೆ ಹೋಗಿ ಹೆದ್ದಾರಿಗೆ ಅಡ್ಡಲಾಗಿ ಸಿಕ್ಕಿಕೊಂಡರೆ 1,000 ಡಾಲರ್ ದಂಡವಿದೆ. ಮೇಲೆ ಸರ್ಚಾರ್ಜು ಬೇರೆ. ಅನುಮೋದನೆ ಪಡೆದ ಬಟ್ಟೆಯ ಕವಚವನ್ನೂ ಇಲ್ಲಿ ಒಪ್ಪುತ್ತಾರಾದ್ದರಿಂದ ಕಾನೂನಿನ ಮಟ್ಟಿಗೆ ಎರಡೂ ಸಮ.

ಕವಚ ಹಗುರ, ತೊಡಿಸುವುದೂ ಸುಲಭ. ಟೈರಿನ ಮೇಲರ್ಧಕ್ಕೆ ಎಳೆದು ಹೊದಿಸಿ, ಚಕ್ರವನ್ನು ಅರ್ಧ ಸುತ್ತು ಮುಂದಕ್ಕೆ ಉರುಳಿಸಿ, ಉಳಿದದ್ದನ್ನು ಎಳೆದುಕೊಂಡರೆ ಕೆಲಸ ಮುಗಿಯಿತು. ಗಟ್ಟಿ ಹಿಮದ ಮೇಲೆ ಅದರ ಹಿಡಿತದ ಬಗ್ಗೆ ನನಗೆ ದೂರಿಲ್ಲ.

ತೊಂದರೆಯಿರುವುದು ಬರಿಯ ಡಾಂಬರಿನಲ್ಲಿ. ಸಿಲ್ವರ್‌ಥಾರ್ನ್ ಊರಿನಿಂದ ಏರು ಹತ್ತುವಾಗ ರಸ್ತೆಯುದ್ದಕ್ಕೂ ಹಿಮವಿದ್ದರೂ, 11,000 ಅಡಿಗೂ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗವನ್ನು ಹೊಕ್ಕ ಕೂಡಲೇ ಸುಮಾರು 1.7 ಮೈಲು ಹಿಮವಿಲ್ಲದ ನೆಲ ಎದುರಾಗುತ್ತದೆ. ಒಳಗೆ ನಿಲ್ಲಿಸಿ ಕಳಚುವಂತಿಲ್ಲ, ಆಚೆ ಕಡೆ ಇಳಿಜಾರಿನಲ್ಲಿ ಮತ್ತೆ ಹಿಮ. ತುಂಬಿದ ಟ್ರಕ್ಕಿನ ಭಾರವೆಲ್ಲ ಬಿದ್ದು ಉಜ್ಜುವ ಜಾಗದಲ್ಲಿ ನನ್ನ ಕವಚದ ನೇಯ್ಗೆ ಮೊದಲು ಸವೆದು ತೆಳುವಾಯಿತು, ಆಮೇಲೆ ಎಳೆಗಳು ಎದ್ದವು, ಕೊನೆಗೆ ಒಳಗಿನ ರಬ್ಬರು ಕಾಣುವಷ್ಟು ಅಗಲದ ತೂತಾಯಿತು.

ಹರಿದದ್ದನ್ನು ರಸ್ತೆಬದಿಯಲ್ಲಿ ದುರಸ್ತಿ ಮಾಡಲಾಗದು. ಉಕ್ಕಿನ ಸರಪಳಿಯಲ್ಲಿ ಟೈರಿಗೆ ಅಡ್ಡಲಾಗಿ ಬರುವ ಸಾಲು ತುಂಡಾದರೆ ಒಂದು ರಿಪೇರಿ ಲಿಂಕು, ಒಂದು ಇಕ್ಕಳ ಸಾಕು. ಇನ್ನು ಒದ್ದೆ ಕವಚವನ್ನು ಹಾಗೆಯೇ ಪೆಟ್ಟಿಗೆಗೆ ತುರುಕಿದರೆ ರಾತ್ರಿ ಕಳೆಯುವಷ್ಟರಲ್ಲಿ ಹಲಗೆಯಂತೆ ಸೆಟೆದುಕೊಳ್ಳುತ್ತದೆ. ಕ್ಯಾಬಿನ್ನಿನ ಬಿಸಿಗೆ ಕರಗಿಸದೆ ಬಿಚ್ಚಿಕೊಳ್ಳುವುದಿಲ್ಲ.

ಉಕ್ಕಿನ ಸರಪಳಿ ಹಾಕುವುದು ಮೈಮುರಿಯುವ ಕೆಲಸವೆಂಬುದು ನಿಜ. ಜೋಡಿ ಟೈರುಗಳ ನಡುವಿನ ಸಂದಿಗೆ ತೋಳು ತೂರಿಸಿ ಒಳಗಿನ ಕೊಕ್ಕೆಯನ್ನು ಕೈಯಂದಾಜಿನಲ್ಲೇ ಸಿಕ್ಕಿಸಬೇಕು. ಆ ಹೊತ್ತಿಗೆ ಮಡ್‌ಫ್ಲ್ಯಾಪಿನಿಂದ ಕರಗಿದ ಕೆಸರುಹಿಮ ಕುತ್ತಿಗೆಗೇ ಸುರಿಯುತ್ತದೆ. ಹೊರಗಿನ ಕೊಕ್ಕೆ ಹಾಕಿ, ಸರಪಳಿ ಬಿಗಿಯಲೆಂದೇ ಇರುವ ಕ್ಯಾಮು ಎಂಬ ತಿರುಗುಬಿಲ್ಲೆಗಳನ್ನು ತಿರುವಿ ಬಿಗಿದು, ತುಸು ದೂರ ಓಡಿಸಿ ಮತ್ತೊಮ್ಮೆ ಬಿಗಿಯಬೇಕು. ಈ ಎರಡನೆಯ ಬಿಗಿತವನ್ನು ಯಾರೂ ತಪ್ಪಿಸಬಾರದು. ಸಡಿಲಾದ ಸರಪಳಿ ಬೀಸಿ ಬಡಿದರೆ ಬ್ರೇಕಿನ ಗಾಳಿಕೊಳವೆಯೇ ಕಿತ್ತುಹೋಗಬಹುದು.

ಕ್ಯಾಬಿನ್ನಿನಲ್ಲಿ ಗುಂಡಿ ಒತ್ತಿದರೆ ಚಕ್ರದಡಿ ತಾನೇ ಬೀಳುವ ಸರಪಳಿಯೂ ಉಂಟು, ಆದರೆ ಒಂದೇ ಟ್ರಕ್ಕಿನ ಮಾಲೀಕನಾದ ನನ್ನ ಕೈಗೆ ಅದರ ಬೆಲೆ ಎಟುಕುವುದಿಲ್ಲ.

ವರ್ಷಕ್ಕೊಮ್ಮೆಯೋ ಎರಡು ಸಲವೋ ಈ ಘಟ್ಟ ಹತ್ತುವವರಿಗೆ, ಬೆನ್ನುನೋವಿರುವವರಿಗೆ ಕವಚವೇ ಅನುಕೂಲವಾದೀತು. ನಾನು ಚಳಿಗಾಲವಿಡೀ ಡೆನ್ವರ್‌ಗೂ ಗ್ರ್ಯಾಂಡ್ ಜಂಕ್ಷನ್‌ಗೂ ಓಡಾಡುವವನು, ಋತುವಿಗೊಂದು ಜೊತೆ ಹೊಸ ಕವಚಕ್ಕೆ ದುಡ್ಡು ಹಾಕಲಾರೆ. ಅದಕ್ಕೇ ನನ್ನ ಪೆಟ್ಟಿಗೆಯಲ್ಲಿ ಈಗ ಉಕ್ಕಿನ ಸರಪಳಿ, ಬಿಡಿ ಲಿಂಕುಗಳು, ಮೊಣಕೈವರೆಗೆ ಬರುವ ರಬ್ಬರ್ ಗ್ಲೌಸು ಮತ್ತು ತಲೆಗೆ ಕಟ್ಟುವ ಟಾರ್ಚು ಇವೆ.