ಹೆಬ್ಬಾಳದ ಫೈಬರ್ ವರ್ಕ್‌ಶಾಪ್‌ನಲ್ಲಿ ಫಾರ್ಮುಲಾ 16 ಆದ ನನ್ನ ಕಟಮರಾನ್

ಕೆ.ಆರ್.ಎಸ್. ಹಿನ್ನೀರಿನಲ್ಲಿ ಹಾಯಿದೋಣಿ ನಡೆಸುವ ನಾನು, 4.9 ಮೀಟರ್ ಉದ್ದದ ನನ್ನ ಹಳೆಯ ರೇಸಿಂಗ್ ಕಟಮರಾನನ್ನು (ಜೋಡಿ ಒಡಲಿನ ಹಾಯಿದೋಣಿ) ಫಾರ್ಮುಲಾ 16 ಎಂಬ ಸ್ಪರ್ಧಾ ವರ್ಗಕ್ಕೆ ಹೊಂದಿಸಿಕೊಡಲು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಫೈಬರ್ ವರ್ಕ್‌ಶಾಪ್‌ಗೆ ಒಪ್ಪಿಸಿದ್ದೆ. ನೀರಿನ ಟ್ಯಾಂಕು, ದಸರಾ ಸ್ತಬ್ಧಚಿತ್ರಗಳ ಅಚ್ಚು ಮಾಡುವ ಜಾಗ ಅದು. ದೋಣಿಯ ಕೆಲಸ ಅವರಿಗೆ ಹೊಸದು.

ಈ ವರ್ಗದ ದೋಣಿಗಳೆಲ್ಲ ಒಂದೇ ಅಚ್ಚಿನವಾಗಿರಬೇಕಿಲ್ಲ. ಉದ್ದ 5 ಮೀಟರ್ ಮತ್ತು ಅಗಲ 2.5 ಮೀಟರ್ ಮೀರದೆ, ಇಬ್ಬರು ನಡೆಸುವ ದೋಣಿಯಾದರೆ ತೂಕ 107 ಕಿಲೋಗಿಂತ ಇಳಿಯದೆ, ಹಾಯಿಗಳೂ ಮಿತಿಯೊಳಗಿದ್ದರೆ ಸಾಕು. ನನ್ನದರ ಅಗಲ 2.34 ಮೀಟರ್ ಮಾತ್ರ ಇದ್ದುದರಿಂದ, ಅದನ್ನು ಪೂರ್ತಿ 2.5 ಮೀಟರಿಗೆ ತರಲು ಎರಡು ಒಡಲುಗಳನ್ನು ಬೆಸೆಯುವ ಅಲ್ಯೂಮಿನಿಯಂ ಅಡ್ಡತೊಲೆಗಳನ್ನು ಬದಲಿಸಿ, 17.5 ಚದರ ಮೀಟರಿನ ಬಲೂನಿನಂತೆ ಉಬ್ಬುವ ಸ್ಪಿನೇಕರ್ ಹಾಯಿಗಾಗಿ ಮುಂದಕ್ಕೊಂದು ಕೋಲು ಕೂಡಿಸಬೇಕಿತ್ತು. ಬದಿಗೆ 8 ಸೆಂಟಿಮೀಟರ್ ಹೆಚ್ಚಿದರೆ ಏನು ಮಹಾ ಎನ್ನಿಸಬಹುದು. ಹಾಯಿಕಂಬದಿಂದ ಇಳಿಬಿಟ್ಟ ತಂತಿಗೆ ಜೋತು ಹೊರಕ್ಕೆ ವಾಲಿ ನಿಲ್ಲುವವನ ಭಾರ ಅಷ್ಟು ದೂರದಿಂದ ಜಗ್ಗುವುದರಿಂದ, ಗಾಳಿ ಜೋರಾದಾಗ ದೋಣಿ ಮಗುಚದಂತೆ ಹಿಡಿಯಲು ಅದು ನಿಜಕ್ಕೂ ನೆರವಾಗುತ್ತದೆ.

ಮೊದಲ ಎಡವಟ್ಟು ಫೈಬರ್ ಪದರಗಳನ್ನು ಹಿಡಿದಿಡುವ ಅಂಟಾದ ರೆಸಿನ್‌ನಲ್ಲಾಯಿತು. ನನ್ನ ದೋಣಿಯ ಒಡಲು ಪ್ಲೈವುಡ್ ಮತ್ತು ಎಪಾಕ್ಸಿ ಎಂಬ ರೆಸಿನ್ನಿನದು. ತೊಲೆ ಕೂರುವ ಜಾಗವನ್ನು ಬಲಪಡಿಸಲು ಅವರು ಟ್ಯಾಂಕಿಗೆ ಬಳಸುವ ಪಾಲಿಯೆಸ್ಟರ್ ರೆಸಿನ್ನನ್ನೇ ಬಳಿದರು. ಗಟ್ಟಿಯಾದ ಎಪಾಕ್ಸಿಯ ಮೇಲೆ ಅದು ಸರಿಯಾಗಿ ಹಿಡಿಯುವುದಿಲ್ಲ. ಉಳಿಯ ತುದಿಯಿಂದ ಮೀಟಿದರೆ ಹಪ್ಪಳದಂತೆ ಎದ್ದುಬಂತು. ಮಾಲೀಕರು ವಾದಕ್ಕಿಳಿಯದೆ ಎಪಾಕ್ಸಿ ತರಿಸಿ, ತಮ್ಮದೇ ಖರ್ಚಿನಲ್ಲಿ ಮತ್ತೆ ಮಾಡಿಕೊಟ್ಟರು.

ತೊಲೆಗಳ ಜೋಡಣೆಯಲ್ಲಿ ಮಾತ್ರ ಕೊಂಕು ತೆಗೆಯುವಂತಿಲ್ಲ. ಬಾಗಿಲ ಚೌಕಟ್ಟು ಕೂರಿಸಿ ಪಳಗಿದ್ದ ವೆಲ್ಡರ್ ಒಬ್ಬರು, ಒಂದು ಒಡಲಿನ ಮೂತಿಯಿಂದ ಇನ್ನೊಂದರ ಹಿಂತುದಿಗೆ ಟೇಪು ಹಿಡಿದು, ಎರಡೂ ಕರ್ಣಗಳು ಸಮ ಬರುವವರೆಗೆ ಬೋಲ್ಟು ಬಿಗಿಯಲಿಲ್ಲ. ನೀರಿಗಿಳಿಸಿದಾಗ ದೋಣಿ ನೇರ ಓಡಿತು.

ನನ್ನ ದೂರು ತೂಕದ ಬಗ್ಗೆ. “ಇನ್ನೆರಡು ಪದರ ಇರಲಿ ಸಾರ್, ಗಟ್ಟಿ ಇರುತ್ತೆ” ಎಂಬುದು ಅಲ್ಲಿನ ರೂಢಿಯ ಮಾತು. ಟ್ಯಾಂಕಿಗೆ ಅದು ಸರಿ, ಆದರೆ ನನ್ನ ದೋಣಿ ಈಗ 121 ಕಿಲೋ ತೂಗುತ್ತಿದೆ. ಕನಿಷ್ಠ ತೂಕಕ್ಕಿಂತ 14 ಕಿಲೋ ಹೆಚ್ಚು ಹೊತ್ತು ಓಡುವ ದೋಣಿ ಮಂದಗಾಳಿಯಲ್ಲಿ ಹಿಂದೆ ಬೀಳದೆ ಇರದು. ಒಂದು ತಿಂಗಳೆಂದವರು ದಸರಾ ಕೆಲಸದ ನಡುವೆ ಮೂರು ತಿಂಗಳು ಮಾಡಿದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ಹೆಚ್ಚುವರಿ ಪದರಗಳನ್ನು ಉಜ್ಜಿ ತೆಗೆಸಲು ಮುಂದಿನ ವಾರ ದೋಣಿಯನ್ನು ಮತ್ತೆ ಅಲ್ಲಿಗೇ ಒಯ್ಯುತ್ತಿದ್ದೇನೆ. ಈ ಸಲ ತೂಕದ ಮಿತಿಯನ್ನು ಕೆಲಸದ ಚೀಟಿಯಲ್ಲೇ ಬರೆಸಿದ್ದೇನೆ.