ನೆರಳಲ್ಲಿ ಮುಳುಗಿದ ಬೀದಿಗಳು: ಒಂದು ಛಾಯಾಚಿತ್ರ ಪ್ರದರ್ಶನ

42 ಚಿತ್ರಗಳಿರುವ ಈ ಪ್ರದರ್ಶನದಲ್ಲಿ ಮೊದಲು ನಿಂತು ನೋಡಬೇಕಾದದ್ದು ಬಾಗಿಲೆದುರಿನ ದೊಡ್ಡ ಪ್ರಿಂಟ್ ಅಲ್ಲ, ಎಡಗೋಡೆಯ ಮೂರನೆಯ ಚಿತ್ರ. ಇಬ್ಬರು ಕೆಲಸಗಾರರು ಆಳೆತ್ತರದ ಗಾಜು ಹೊತ್ತು ರಸ್ತೆ ದಾಟುತ್ತಿದ್ದಾರೆ. ಅಂಚು ಕೈ ಕೊಯ್ಯದಿರಲೆಂದು ಬಟ್ಟೆ ಮಡಿಸಿ ಹಿಡಿದಿದ್ದಾರೆ. ಗಾಜಿನಲ್ಲಿ ಎದುರುಸಾಲಿನ ಕಟ್ಟಡ ಮೂಡಿದೆ. ಅದರ ಒಂದು ಕಿಟಕಿ ಗಾಜಿನಾಚೆ ಇರುವವನ ಮುಖದ ಮೇಲೆ ಸರಿಯಾಗಿ ಕೂತಿದೆ. ಅವನು ಇನ್ನರ್ಧ ಹೆಜ್ಜೆ ಇಟ್ಟಿದ್ದರೆ ಕಿಟಕಿ ಜಾರಿಹೋಗುತ್ತಿತ್ತು. ಇಷ್ಟು ಚೆನ್ನಾದ ಬೀದಿಚಿತ್ರ ಸುಲಭಕ್ಕೆ ಸಿಗುವಂಥದ್ದಲ್ಲ.

ಅದೃಷ್ಟವೊಂದರಿಂದಲೇ ಇದು ಆಗುವುದಿಲ್ಲ. ಇದೇ ಮೂಲೆ, ಇದೇ ಗೋಡೆ ಇನ್ನೂ ನಾಲ್ಕು ಚಿತ್ರಗಳಲ್ಲಿ ಬರುತ್ತದೆ. ಹಿನ್ನೆಲೆ ಮೊದಲೇ ಆರಿಸಿಕೊಂಡು, ಜನ ಅದರೊಳಗೆ ನಡೆದು ಬರುವವರೆಗೆ ಕಾದ ಕೆಲಸ ಇದು. ಮುಂದಿರುವವರೂ ದೂರದ ಫಲಕಗಳೂ ಒಟ್ಟಿಗೆ ಸ್ಪಷ್ಟವಾಗಿರುವುದನ್ನು ನೋಡಿದರೆ ಫೋಕಸ್ ಕೂಡ ಮೊದಲೇ ಕಟ್ಟಿಟ್ಟಂತಿದೆ. ಫುಲ್ ಫ್ರೇಮ್ (ಬೆಳಕು ಹಿಡಿಯುವ ಸೆನ್ಸರ್ 35 ಮಿ.ಮೀ. ಫಿಲ್ಮಿನ ಚೌಕಟ್ಟಿನಷ್ಟೇ ಇರುವ) ಕ್ಯಾಮೆರಾದಲ್ಲಿ 35 ಮಿ.ಮೀ. ಲೆನ್ಸನ್ನು ಎಫ್/8ಕ್ಕೆ, ಅಂದರೆ ಬೆಳಕು ಬರುವ ಕಿಂಡಿಯನ್ನು ಸಾಕಷ್ಟು ಕಿರಿದಾಗಿ, ಇಟ್ಟು ಸುಮಾರು 5 ಮೀಟರಿಗೆ ಫೋಕಸ್ ಮಾಡಿದರೆ, ಎರಡೂವರೆ ಮೀಟರಿನಿಂದ ಆಚೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟವಾಗಿರುತ್ತದೆ. ಶಟರ್ ವೇಗದ ಲೆಕ್ಕವೂ ಅಷ್ಟೇ ಮುಖ್ಯ. ನಡೆಯುವ ಮನುಷ್ಯ ಸೆಕೆಂಡಿಗೆ ಸುಮಾರು 1.4 ಮೀಟರ್ ಸಾಗುತ್ತಾನೆ. ಶಟರ್ 1/60 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಎರಡು ಸೆಂಟಿಮೀಟರಿಗೂ ಹೆಚ್ಚು, 1/250 ಸೆಕೆಂಡಿನಲ್ಲಿ ಆರು ಮಿಲಿಮೀಟರಿನೊಳಗೆ. ಬಟ್ಟೆಯ ಮಡಿಕೆಗಳು ಕದಡದೆ ಉಳಿದದ್ದು ಇಂಥ ವೇಗದ ಶಟರಿನಿಂದಲೇ ಇರಬೇಕು.

ಎರಡನೆಯ ಕೋಣೆಯ ನಾಲ್ಕು ಚಿತ್ರಗಳದ್ದು ಇದಕ್ಕೆ ಪೂರ್ತಿ ವಿರುದ್ಧ ದಾರಿ. ಶಟರನ್ನು ಬಹಳ ಹೊತ್ತು ತೆರೆದಿಟ್ಟು, ಓಡಾಡುವವರೆಲ್ಲ ಅಳಿಸಿಹೋಗುವಂತೆ ಮಾಡಿದ್ದಾರೆ. ಲೂಯಿ ದಾಗೆರ್ 1838ರಲ್ಲಿ ಪ್ಯಾರಿಸ್ಸಿನ ಬುಲ್ವಾರ್ ದ್ಯು ತಾಂಪ್ಲ್ ಬೀದಿಯನ್ನು ಸೆರೆಹಿಡಿದಾಗ ಇದೇ ಆಯಿತು. ನಿಮಿಷಗಟ್ಟಲೆ ಬೆಳಕು ಬೇಕಿದ್ದರಿಂದ ಗಾಡಿಗಳು, ಜನರು ಮಾಯವಾಗಿ, ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತ ನಿಂತವನು ಮಾತ್ರ ಉಳಿದ. ಇಲ್ಲಿಯೂ ಒಂದು ಚಿತ್ರದಲ್ಲಿ ಕಂಬಕ್ಕೊರಗಿ ನಿದ್ದೆಹೋದವನೊಬ್ಬ ಉಳಿದಿದ್ದಾನೆ. ಅದೊಂದೇ ಸಾಕಿತ್ತು. ಉಳಿದ ಮೂರರಲ್ಲಿ ಬರೀ ಮಂಜಿನಂಥ ಗೆರೆಗಳಿವೆ, ನಿಂತವರಾರೂ ಇಲ್ಲ.

ಇಷ್ಟು ಒಳ್ಳೆಯ ಕೆಲಸಕ್ಕೆ ಪ್ರಿಂಟ್ ಮಾಡಿದವರು ಮೋಸಮಾಡಿದ್ದಾರೆ ಎನ್ನಲೇಬೇಕು. ಸಂಜೆಯ ಚಿತ್ರಗಳಲ್ಲಿ ಅಂಗಡಿಯ ಒಳಗು, ಕೊಡೆಯ ಕೆಳಗಿನ ಮುಖ, ಮೆಟ್ಟಿಲ ಕೆಳಗೆ ಕೂತವರು ಎಲ್ಲ ಒಂದೇ ಕಪ್ಪಾಗಿ ಮುಳುಗಿವೆ. ಬೀದಿಚಿತ್ರದ ಅರ್ಧ ಜೀವ ಇರುವುದೇ ಆ ನೆರಳಲ್ಲಿ. ಹೀಗಾಗಲು ಸಾಮಾನ್ಯವಾಗಿ ಎರಡು ಕಾರಣ. ಒಂದು, ಮಾನಿಟರಿನ ಬೆಳಕು ಹೆಚ್ಚಿಟ್ಟುಕೊಂಡು ತಿದ್ದುವುದು; ಆಗ ತೆರೆಯಲ್ಲಿ ತಿಳಿಯಾಗಿ ಕಂಡ ನೆರಳು ಕಾಗದದಲ್ಲಿ ಕಪ್ಪಾಗುತ್ತದೆ. ಪ್ರಿಂಟಿಗಾಗಿ ತಿದ್ದುವಾಗ ಅದು ಚದರ ಮೀಟರಿಗೆ 80ರಿಂದ 120 ಕ್ಯಾಂಡೆಲಾ (ಬೆಳಕಿನ ಅಳತೆ) ಇದ್ದರೆ ಸಾಕು. ಇನ್ನೊಂದು, ಕಾಗದ. ಇಲ್ಲಿ ಬಳಸಿರುವ ಹೊಳಪಿಲ್ಲದ ಕಾಗದ ಕೈಗೂ ಕಣ್ಣಿಗೂ ಹಿತ, ಆದರೆ ಅದರ ಕಪ್ಪು, ಬರೈಟಾ ಎಂಬ ಹೊಳಪಿನ ಲೇಪದ ಕಾಗದದಷ್ಟು ಗಾಢವಾಗುವುದಿಲ್ಲ. ಹಾಗಾಗಿ ಕಡುಬೂದು ಮತ್ತು ಕಪ್ಪಿನ ನಡುವಿನ ಮೆಟ್ಟಿಲುಗಳು ಒಂದರೊಳಗೊಂದು ಸೇರಿಹೋಗುತ್ತವೆ. ಆ ಕಾಗದದ ಪ್ರೊಫೈಲ್ (ಅದರ ಮೇಲೆ ಬಣ್ಣ ಹೇಗೆ ಬೀಳುತ್ತದೆಂದು ತಿಳಿಸುವ ಕಡತ) ಹಾಕಿ, ನೆರಳನ್ನು ಮೂರು ಹಂತಗಳಲ್ಲಿ ತಿಳಿಯಾಗಿಸಿದ ಪರೀಕ್ಷಾಪಟ್ಟಿಗಳನ್ನು ಪ್ರಿಂಟ್ ಮಾಡಿ, ಗ್ಯಾಲರಿಯ ದೀಪದಡಿಯೇ ಇಟ್ಟು ನೋಡಿದ್ದರೆ ಸರಿಹೋಗುತ್ತಿತ್ತು.

ದೀಪಗಳೂ ಸಹಕರಿಸಿಲ್ಲ. ಮಾಮೂಲಿ ಗಾಜು ಹಾಕಿದ ಫ್ರೇಮಿಗೆ ಬೆಳಕು ಮೇಲಿನಿಂದ, ಲಂಬರೇಖೆಯಿಂದ ಸುಮಾರು 30 ಡಿಗ್ರಿ ಕೋನದಲ್ಲಿ ಬಿದ್ದರೆ ಪ್ರತಿಫಲನ ನೆಲದ ಕಡೆಗೆ ಹೋಗುತ್ತದೆ. ಬಲಗೋಡೆಯ ದೀಪಗಳು ಗೋಡೆಯಿಂದ ತೀರಾ ದೂರವಿವೆ, ಕತ್ತಲ ಚಿತ್ರಗಳಲ್ಲಿ ನೋಡುವವರ ಅಂಗಿಯೇ ಕಾಣುತ್ತದೆ. ರಾತ್ರಿಯ ಎರಡು ಚಿತ್ರಗಳಲ್ಲಿ ಅಡ್ಡಪಟ್ಟೆಗಳಿವೆ. ಮಿನುಗುವ ಎಲ್‌ಇಡಿ ದೀಪದಡಿ ಎಲೆಕ್ಟ್ರಾನಿಕ್ ಶಟರ್ ಬಳಸಿದಾಗ, ಸೆನ್ಸರ್ ಸಾಲುಸಾಲಾಗಿ ಓದುವುದರಿಂದ ಬರುವ ದೋಷ ಅದು. ಅವನ್ನು ಕೈಬಿಡಬೇಕಿತ್ತು.

ನೋಡುವ ದೂರಕ್ಕೆ ಚಿತ್ರದ ಕರ್ಣದ ಒಂದೂವರೆ ಪಟ್ಟು ಒಳ್ಳೆಯ ಅಳತೆ. 24 × 36 ಇಂಚಿನ ಪ್ರಿಂಟಿಗೆ ಸುಮಾರು 1.65 ಮೀಟರಿನಷ್ಟು ಹಿಂದೆ ನಿಲ್ಲಿ. 8 × 12ಕ್ಕೆ ಅರ್ಧ ಮೀಟರಿಗಿಂತ ತುಸು ಹೆಚ್ಚು ಸಾಕು. ಬಲಗೋಡೆಯನ್ನು ಒಂದು ಬದಿಗೆ ಸರಿದು ಓರೆಯಾಗಿ ನೋಡಿ, ಪ್ರತಿಫಲನ ತಪ್ಪುತ್ತದೆ. ಹೊರಬಾಗಿಲ ಪಕ್ಕದ ಮೂರು ಸಣ್ಣ ಚಿತ್ರಗಳನ್ನು ಗಾಜಿಲ್ಲದೆ ತೂಗುಹಾಕಿದ್ದಾರೆ. ಅವುಗಳಲ್ಲೊಂದರಲ್ಲಿ ಬಸ್ಸಿನ ಕಿಟಕಿಯ ಹಬೆಯನ್ನು ಮಗುವೊಂದು ಅಂಗೈಯಿಂದ ಒರೆಸುತ್ತಿದೆ, ಒರೆಸಿದ ಜಾಗದಲ್ಲಿ ಒಳಗಿನ ಕತ್ತಲಲ್ಲೂ ಅಮ್ಮನ ಬಳೆ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತದೆ. ಉಳಿದ ಪ್ರಿಂಟ್‌ಗಳೂ ಹೀಗೇ ಬರಬೇಕಿತ್ತು.